ಕೈಗಡಿಯಾರ, ಅದರ ಪಟ್ಟಿ ಮತ್ತು ಮಳೆಗಾಲದ ನೀರು

ಕೃಷಿಯ ಪುಟದಲ್ಲಿ ಕೈಗಡಿಯಾರದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಕತ್ತಿ, ಹಾರೆ, ಪಿಕ್ಕಾಸುಗಳ ಸಾಲಿಗೆ ಅದನ್ನೂ ಸೇರಿಸಬೇಕೆಂದೇ ನಮ್ಮ ಅಭಿಪ್ರಾಯ. ತೋಟಕ್ಕೆ ನೀರು ಬಿಡುವ ಪಂಪು ಎಷ್ಟು ಹೊತ್ತು ನಡೆಯಿತು, ಕರೆಂಟು ಎಷ್ಟಕ್ಕೆ ಬಂದು ಎಷ್ಟಕ್ಕೆ ಹೋಯಿತು, ಆಳುಗಳ ಹತ್ತು ಗಂಟೆಯ ಚಾ ಆಯಿತೇ, ಪೇಟೆಯ ಬಸ್ಸಿಗೆ ಇನ್ನೆಷ್ಟು ನಿಮಿಷ ಉಂಟು ಎಂಬುದೆಲ್ಲ ಗಡಿಯಾರ ಹೇಳಬೇಕಾದ ಸಂಗತಿಗಳು. ಮೊಬೈಲು ಫೋನು ಹೊತ್ತು ತೋರಿಸುತ್ತದೆ, ನಿಜ. ಆದರೆ ಗದ್ದೆಯ ಕೆಸರು ಮೆತ್ತಿದ ಕೈಯಿಂದ ಅದನ್ನು ಕಿಸೆಯಿಂದ ಹೊರತೆಗೆಯುವವರು ಯಾರು? ಹೀಗಾಗಿ ನೆಟ್ಟಿಯ ಕಾಲದಲ್ಲೂ ಮದ್ದು ಬಿಡುವ ಕಾಲದಲ್ಲೂ ರೈತನ ಎಡಗೈಯಲ್ಲಿ ಗಡಿಯಾರ ಇದ್ದೇ ಇರುತ್ತದೆ. ಅದು ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದಿರಬಹುದು, ತಂದೆಯ ಕೈಯಿಂದ ಬಂದದ್ದಿರಬಹುದು, ಕೊಲ್ಲಿ ದೇಶದಲ್ಲಿ ದುಡಿಯುವ ತಮ್ಮ ತಂದದ್ದಿರಬಹುದು.

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಅಷ್ಟು ನೀರಿನ ನಡುವೆ ನಾಲ್ಕು ತಿಂಗಳು ಗಡಿಯಾರ ಕಟ್ಟಿಕೊಂಡು ತಿರುಗುವವರು ಅದರ ಒಳಹೊರಗನ್ನು ಸ್ವಲ್ಪವಾದರೂ ತಿಳಿದಿರುವುದು ಒಳ್ಳೆಯದು. ಜತ್ತ, ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ನಮ್ಮ ಬಂಧುಗಳಿಗೆ ಇಷ್ಟು ಮಳೆ ಕನಸಿನ ಮಾತಾಗಿರಬಹುದು. ಆದರೆ ಅಲ್ಲಿ ಬಿಸಿಲು ಬಲವಾಗಿದೆ. ಬಿಸಿಲಿಗೂ ಗಡಿಯಾರದೊಳಗೆ ನೀರು ಸೇರುವುದಕ್ಕೂ ಸಂಬಂಧ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಗಡಿಯಾರದ ಬೆನ್ನಿನ ಮುಚ್ಚಳದ ಮೇಲೆ ಅಥವಾ ಮುಖದ ಕೆಳಗೆ ‘ವಾಟರ್ ರೆಸಿಸ್ಟೆಂಟ್’ ಎಂದೋ ‘30 ಮೀಟರ್’, ‘3 ಬಾರ್’, ‘5 ಎಟಿಎಂ’ ಎಂದೋ ಕೊರೆದಿರುವುದನ್ನು ಎಲ್ಲರೂ ಕಂಡಿದ್ದಾರೆ. ಬಾರ್ ಎಂದರೂ ಎಟಿಎಂ ಎಂದರೂ ಹೆಚ್ಚು ಕಡಮೆ ಒಂದೇ: ಹತ್ತು ಮೀಟರು ಆಳದ ನೀರು ಒತ್ತುವಷ್ಟು ಒತ್ತಡ. ಮದ್ದಿನ ಪಂಪಿನ ಲೆಕ್ಕದಲ್ಲಿ ಹೇಳುವುದಾದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಹಾಗಾದರೆ 30 ಮೀಟರು ಎಂದು ಬರೆದ ಗಡಿಯಾರವನ್ನು ಕಟ್ಟಿಕೊಂಡು ಆರಾಳು ನೀರಿನ ಬಾವಿಗೆ ಧುಮುಕಬಹುದಲ್ಲ ಎಂದು ಹುಡುಗರು ತರ್ಕಿಸುತ್ತಾರೆ. ತರ್ಕ ಸರಿಯಾಗಿದೆ, ಗಡಿಯಾರ ಮಾತ್ರ ಒಪ್ಪುವುದಿಲ್ಲ. ಆ ಸಂಖ್ಯೆ ಹೊಸ ಗಡಿಯಾರವನ್ನು ಕಾರ್ಖಾನೆಯಲ್ಲಿ ಅಲುಗಾಡದಂತೆ ಇಟ್ಟು, ತಣ್ಣಗಿರುವ ಶುದ್ಧ ನೀರಿನ ಅಥವಾ ಗಾಳಿಯ ಒತ್ತಡ ಕೊಟ್ಟು ನೋಡಿದ ಪರೀಕ್ಷೆಯ ಸಂಖ್ಯೆ. ಬಳಕೆಯಲ್ಲಿ 30 ಮೀಟರು ಎಂದರೆ ಕೈ ತೊಳೆಯುವಾಗ ಹಾರುವ ನೀರು, ಕೊಡೆ ಮರೆತ ದಿನದ ಮಳೆ. ಅದಕ್ಕಿಂತ ಹೆಚ್ಚೇನನ್ನೂ ಅದರಿಂದ ನಿರೀಕ್ಷಿಸಬಾರದು. ಈಜುವವರಿಗೆ 50 ಸಾಕಾದೀತು, 100 ಇದ್ದರೆ ನಿಶ್ಚಿಂತೆ. ಮುಳುಗುಗಾರರ ಗಡಿಯಾರಕ್ಕೆ ಬೇರೆಯೇ ಮಾನಕವಿದ್ದು, ಅದರಲ್ಲಿ ಕನಿಷ್ಠ 100 ಮೀಟರಿನ ತಾಳಿಕೆ ಇರಬೇಕು; ಒಂದೊಂದು ಗಡಿಯಾರವನ್ನೂ ಬರೆದ ಒತ್ತಡದ ಒಂದೂಕಾಲು ಪಾಲು ಒತ್ತಡದಲ್ಲಿ ಪರೀಕ್ಷಿಸತಕ್ಕದ್ದು. ಏನೂ ಸಂಖ್ಯೆಯಿಲ್ಲದೆ ಬರಿಯ ‘ಡಬ್ಲ್ಯು.ಆರ್.’ ಎಂಬ ಎರಡಕ್ಷರ ಇದ್ದರೆ ಅದು ಹನಿ ನೀರಿಗೆ ಮಾತ್ರ ಎಂದು ತಿಳಿಯಿರಿ.

ಗಡಿಯಾರವನ್ನು ನೀರಿನಲ್ಲಿ ಮುಳುಗಿಸಿ ತೋರಿಸುವ ಉತ್ಸಾಹ ಹಳೆಯದು. ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಕಂಪೆನಿ 1926ರಲ್ಲಿ ‘ಆಯ್ಸ್ಟರ್’ ಎಂಬ ಗಡಿಯಾರವನ್ನು ಹೊರತಂದಿತು. ಆಯ್ಸ್ಟರ್ ಎಂದರೆ ನಮ್ಮ ಕಡಲ ಬದಿಯವರು ಬಲ್ಲ ಒಂದು ಬಗೆಯ ಚಿಪ್ಪು. ಬಾಯಿ ಮುಚ್ಚಿತೆಂದರೆ ತೆರೆಯುವುದು ಕಷ್ಟ. ಮುಂದಿನ ವರ್ಷ, 1927ರ ಅಕ್ಟೋಬರದಲ್ಲಿ, ಮರ್ಸಿಡೀಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಈ ಗಡಿಯಾರದೊಡನೆ ಹತ್ತು ಗಂಟೆಗೂ ಮೀರಿ ಈಜಿದಳು. ಚಳಿ ತಡೆಯಲಾರದೆ ಅವಳನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು, ಗಡಿಯಾರ ಮಾತ್ರ ನಡೆಯುತ್ತಲೇ ಇತ್ತು. ಕಂಪೆನಿ ಇದನ್ನು ದೊಡ್ಡದಾಗಿ ಸಾರಿತು. ಆದರೆ ಆ ಗಡಿಯಾರ ಇದ್ದದ್ದು ಅವಳ ಕೊರಳಲ್ಲಿ, ಮಣಿಕಟ್ಟಿನಲ್ಲಲ್ಲ, ಹೊಚ್ಚ ಹೊಸದು, ಅದರ ಕೀ ತಿರುಪಿನಂತೆ ಬಿಗಿದದ್ದು. ಇಪ್ಪತ್ತು ವರ್ಷ ಬೆವರು ಕುಡಿದ ಗಡಿಯಾರಕ್ಕೆ ಈ ಕಥೆಯ ಧೈರ್ಯ ಸಾಲದು.

ಗಡಿಯಾರದೊಳಗೆ ನೀರು ಹೋಗುವುದಕ್ಕೆ ಬಾಗಿಲು ಮೂರು. ಮೇಲಿನ ಗಾಜು ಕೂತ ಅಂಚು ಒಂದು, ಬೆನ್ನಿನ ಮುಚ್ಚಳ ಇನ್ನೊಂದು, ಕೀ ಕೊಡುವ ಗುಂಡಿಯ ತೂತು ಮೂರನೆಯದು. ಈ ಮೂರನ್ನೂ ಕಾಯುವುದು ಉಕ್ಕಲ್ಲ, ಗಾಜಲ್ಲ; ದಾರದಷ್ಟು ತೆಳ್ಳಗಿನ ವಾಶರು. ಇದು ಹೆಚ್ಚಾಗಿ ರಬ್ಬರಿನದು. ಮುಚ್ಚಳ ಬಿಗಿದಾಗ ಅದು ಅಪ್ಪಚ್ಚಿಯಾಗಿ ಸಂದನ್ನು ತುಂಬುತ್ತದೆ. ಪುಟಿದು ಮೇಲೇಳುವ ಗುಣ ಅದಕ್ಕೆ ಇರುವವರೆಗೆ ನೀರಿಗೆ ಪ್ರವೇಶವಿಲ್ಲ. ಆ ಗುಣ ಹೋಯಿತೆಂದರೆ ಬೆನ್ನಿನ ಮೇಲಿನ ಬರಹ ಬರಿಯ ಬರಹ.

ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ, ಅಡಿಗೆ ಮನೆಯ ಕುಕ್ಕರನ್ನು ನೋಡಿದರೆ ಸಾಕು. ಹೊಸತರಲ್ಲಿ ಅದರ ವಾಶರು ಮೆತ್ತಗೆ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ. ಒಂದೆರಡು ವರ್ಷದಲ್ಲಿ ಗಟ್ಟಿಯಾಗಿ, ಚಪ್ಪಟೆಯಾಗಿ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಆಮೇಲೆ ಬದಿಯಿಂದ ಹಬೆ ಬುಸುಗುಟ್ಟುತ್ತದೆ. ಮನೆಯೊಡತಿ ಆಗ ಕುಕ್ಕರನ್ನು ಬಯ್ಯುವುದಿಲ್ಲ, ವಾಶರು ತರಿಸುತ್ತಾಳೆ. ಗಡಿಯಾರದ ವಾಶರಿಗೂ ಇದೇ ಗತಿ. ಬೆವರಿನ ಉಪ್ಪು, ಸಾಬೂನು, ಬಿಸಿಲು, ಸೀಮೆಎಣ್ಣೆ, ಪೆಟ್ರೋಲು, ಬಣ್ಣ ತೆಳ್ಳಗೆ ಮಾಡುವ ಥಿನ್ನರು ಇವೆಲ್ಲ ಅದರ ಆಯುಸ್ಸನ್ನು ಕಡಮೆ ಮಾಡುತ್ತವೆ. ಹಬೆ ಸೋರಿದರೆ ಕುಕ್ಕರು ಸದ್ದು ಮಾಡಿ ತಿಳಿಸುತ್ತದೆ. ಗಡಿಯಾರ ಸದ್ದಿಲ್ಲದೆ ನೀರು ಕುಡಿಯುತ್ತದೆ. ಅಂತರವಿರುವುದು ಇಷ್ಟರಲ್ಲೇ.

ಆದುದರಿಂದ ಎರಡು ಮೂರು ವರ್ಷಗಳಿಗೊಮ್ಮೆ ವಾಶರು ಬದಲಿಸಬೇಕು. ಸೆಲ್ಲಿನ ಗಡಿಯಾರವಾದರೆ ಇದಕ್ಕೆ ಬೇರೆ ನೆನಪು ಬೇಕಾಗಿಲ್ಲ: ಸೆಲ್ಲು ಹಾಕಿಸುವಾಗ ವಾಶರನ್ನೂ ನೋಡಿಸುವುದು. ಬಸ್ ಸ್ಟ್ಯಾಂಡಿನ ಬಳಿ ಐದು ನಿಮಿಷದಲ್ಲಿ ಸೆಲ್ಲು ಹಾಕಿ ಕೊಡುವಲ್ಲಿ ಮುಚ್ಚಳವನ್ನು ಚೂರಿಯ ಮೊನೆಯಿಂದ ಎಬ್ಬಿ, ವಾಶರು ಸುರುಳಿಯಾಗಿದ್ದರೂ ನೋಡದೆ, ಹೆಬ್ಬೆರಳಿನಿಂದ ಒತ್ತಿ ಮುಚ್ಚುವುದುಂಟು. ಅಲ್ಲಿಂದ ಆಚೆಗೆ ಆ ಗಡಿಯಾರ ನೀರಿಗೆ ಆಗದು. ‘ವಾಶರು ಹೊಸತು ಹಾಕಿ, ಸಿಲಿಕೋನ್ ಗ್ರೀಸು ಸವರಿ’ ಎಂದು ಬಾಯಿಬಿಟ್ಟು ಹೇಳಬೇಕು. ನೀರಿನ ಒತ್ತಡ ಪರೀಕ್ಷಿಸುವ ಯಂತ್ರ ಕಂಪೆನಿಯ ದೊಡ್ಡ ರಿಪೇರಿ ಅಂಗಡಿಗಳಲ್ಲಿ ಇರುತ್ತದೆ. ಬೆಲೆಬಾಳುವ ಗಡಿಯಾರವಾದರೆ ಅಲ್ಲಿಗೇ ಒಯ್ಯುವುದು ಮೇಲು.

ಈಗ ಒತ್ತಡದ ಲೆಕ್ಕಕ್ಕೆ ಬರೋಣ. ನೀರಿನಲ್ಲಿ ಕೈ ಬೀಸಿದರೆ ಒತ್ತಡ ಹತ್ತು ಪಟ್ಟು ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಹೈಸ್ಕೂಲಿನ ಮಕ್ಕಳು ಮಾಡಬಲ್ಲ ಲೆಕ್ಕ ಇದು: ಸೆಕೆಂಡಿಗೆ 3 ಮೀಟರು ವೇಗದಲ್ಲಿ ಕೈ ಬೀಸಿದರೂ ಹೆಚ್ಚುವ ಒತ್ತಡ ಅರ್ಧ ಮೀಟರು ಆಳದ ನೀರಿನಷ್ಟೂ ಆಗುವುದಿಲ್ಲ. ಬೈಯಬೇಕಾದದ್ದು ಕೈ ಬೀಸುವಿಕೆಯನ್ನಲ್ಲ. ನಿಜವಾದ ಶತ್ರುಗಳು ಬೇರೆ ಇದ್ದಾರೆ.

ಮೊದಲನೆಯದು ಪಿಚಕಾರಿಯಂತೆ ಹಾರುವ ನೀರು. ಯಂತ್ರದ ಮದ್ದಿನ ಪಂಪಿನ ಗೇಜಿನಲ್ಲಿ ಮುಳ್ಳು 20 ಕಿಲೋ ದಾಟುವುದನ್ನು ತೋಟದವರೆಲ್ಲ ಕಂಡಿದ್ದಾರೆ. ಅಷ್ಟು ಒತ್ತಡದ ಜೆಟ್ಟನ್ನು ಹತ್ತಿರದಿಂದ ಗಡಿಯಾರದ ಕೀಯ ಬುಡಕ್ಕೆ ಬಿಟ್ಟರೆ 30 ಮೀಟರಿನ ಗಡಿಯಾರ ಏನು ಮಾಡೀತು? ಪಂಪಿನ ಓಸು ತೊಳೆಯುವಾಗ, ಜೀಪು ತೊಳೆಯುವಾಗ, ದನದ ಹಟ್ಟಿ ತೊಳೆಯುವಾಗ ಗಡಿಯಾರ ಕೈಯಲ್ಲಿರಬಾರದು.

ಎರಡನೆಯದು ಬಿಸಿ ತಣ್ಣನೆಯ ಆಟ. ಏಪ್ರಿಲಿನ ಮಧ್ಯಾಹ್ನ ಬಿಸಿಲಿನಲ್ಲಿ ಬುಡ ಬಿಡಿಸುತ್ತಿರುವಾತನ ಕೈಯ ಗಡಿಯಾರ 45 ಡಿಗ್ರಿಗೆ ಕಾದಿರುತ್ತದೆ ಎಂದಿಟ್ಟುಕೊಳ್ಳೋಣ. ಒಳಗಿರುವ ಗಾಳಿಯೂ ಕಾದು ಹಿಗ್ಗಲು ನೋಡುತ್ತದೆ. ಆತ ನೇರವಾಗಿ ಹೋಗಿ ಸುರಂಗದ ಬಾಯಿಯ 25 ಡಿಗ್ರಿಯ ತಣ್ಣೀರಿಗೆ ಮೊಣಕೈವರೆಗೆ ಕೈ ಅದ್ದುತ್ತಾನೆ. ಒಳಗಿನ ಗಾಳಿ ತಟಕ್ಕನೆ ತಣಿಯುತ್ತದೆ, ಒತ್ತಡ ನೂರಕ್ಕೆ ಆರು ಪಾಲಿನಷ್ಟು ಇಳಿಯುತ್ತದೆ. ಅರ್ಧ ಮೀಟರಿಗೂ ಮಿಕ್ಕಿದ ಆಳದ ನೀರು ಹೊರಗಿನಿಂದ ಒತ್ತಿದರೆ ಎಷ್ಟೋ ಅಷ್ಟೇ ಬಲದಿಂದ ಗಡಿಯಾರ ತಾನಾಗಿ ಒಳಕ್ಕೆ ಹೀರುತ್ತದೆ. ವಾಶರು ಗಟ್ಟಿಯಿದ್ದರೆ ತಡೆದೀತು. ಹಳತಾಗಿದ್ದರೆ ಒಂದೆರಡು ಹನಿ ಒಳಗೆ ಹೋಯಿತೆಂದೇ ಲೆಕ್ಕ. ಬಯಲುಸೀಮೆಯವರಿಗೆ ಬಿಸಿಲಿನ ಮಾತು ಹೇಳುತ್ತೇವೆಂದದ್ದು ಇದನ್ನೇ. ಮಳೆಯಲ್ಲಿ ತಿಂಗಳುಗಟ್ಟಲೆ ತೋಯ್ದು ಉಳಿದ ಗಡಿಯಾರ ಒಂದು ದಿನ ಬಿಸಿಲಿನಿಂದ ಬಾವಿಕಟ್ಟೆಗೆ ಬಂದಾಗ ಕೆಟ್ಟಿತೆಂದರೆ ಆಶ್ಚರ್ಯಪಡಬೇಕಾಗಿಲ್ಲ. ನೆರಳಿನಲ್ಲಿ ಹತ್ತು ನಿಮಿಷ ನಿಂತು ಬೆವರಾರಿಸಿಕೊಂಡು ಮತ್ತೆ ಕೈಕಾಲು ತೊಳೆಯುವುದು ಗಡಿಯಾರಕ್ಕೂ ಒಳ್ಳೆಯದು, ಮೈಗೂ ಒಳ್ಳೆಯದು.

ಬಚ್ಚಲಿನ ಹಂಡೆಯ ಬಿಸಿನೀರು ಮೂರನೆಯದು. ನೀರು ನುಗ್ಗಲಾರದ ಸಂದಿನಲ್ಲಿ ಹಬೆ ನುಗ್ಗುತ್ತದೆ. ಸಾಬೂನು ಬೆರೆತ ನೀರು ಬರಿಯ ನೀರಿಗಿಂತ ಸುಲಭವಾಗಿ ಹರಿದು ಸಂದು ಹುಡುಕುತ್ತದೆ. ಗಡಿಯಾರ ಕಟ್ಟಿಕೊಂಡು ಸ್ನಾನ ಮಾಡುವುದರಲ್ಲಿ ಏನು ಲಾಭವೋ ನಮಗಂತೂ ತಿಳಿಯದು. ಇನ್ನು ಒದ್ದೆಯಲ್ಲಿರುವಾಗ ಕೀಯನ್ನು ಎಳೆಯುವುದು, ಗುಂಡಿ ಒತ್ತುವುದು ಎಂದರೆ ಕಳ್ಳನಿಗೆ ಬಾಗಿಲು ತೆರೆದು ಕೊಟ್ಟಂತೆ.

ಗಡಿಯಾರದೊಳಗೆ ನೀರು ಸೇರಿದೆಯೇ ಎಂದು ಮನೆಯಲ್ಲೇ ನೋಡುವ ಒಂದು ಉಪಾಯ ಉಂಟು. ನೀರು ತಡೆಯುವ ಗಡಿಯಾರಗಳಿಗಾಗಿ 2010ರಲ್ಲಿ ಹೊರಟ ಅಂತರರಾಷ್ಟ್ರೀಯ ಮಾನಕದಲ್ಲಿರುವ ಪರೀಕ್ಷೆಯನ್ನೇ ನಾವು ಸರಳ ಮಾಡಿ ಹೇಳುತ್ತಿದ್ದೇವೆ. ಕಾರ್ಖಾನೆಯವರು ಗಡಿಯಾರವನ್ನು 40ರಿಂದ 45 ಡಿಗ್ರಿ ಬಿಸಿಯಿರುವ ತಗಡಿನ ಮೇಲಿಟ್ಟು ಕಾಯಿಸಿ, ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒಂದು ನಿಮಿಷ ಬಿಟ್ಟು ಒರೆಸಿ ನೋಡುತ್ತಾರೆ. ಒಲೆಯ ಸಹವಾಸ ನಮಗೆ ಬೇಡ. ಹತ್ತು ನಿಮಿಷ ಮುಷ್ಟಿಯೊಳಗೆ ಹಿಡಿದು ಬೆಚ್ಚಗಾದ ಗಡಿಯಾರದ ಗಾಜಿನ ಮೇಲೆ ಕೊಡಪಾನದ ತಣ್ಣೀರಿನ ಒಂದು ಹನಿ ಇಡಿ. ನಿಮಿಷ ಕಳೆದು ಒಣ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಹನಿ ಇದ್ದಲ್ಲಿ ಗಾಜಿನ ಒಳಮೈಗೆ ಮಂಜು ಕವಿದಿದ್ದರೆ ಒಳಗೆ ತೇವ ಉಂಟು. ಕವಿಯದಿದ್ದರೆ ಸದ್ಯಕ್ಕೆ ನೀರು ಸೇರಿಲ್ಲ ಎಂದಷ್ಟೇ ಅರ್ಥ. ನಾಳೆ ಸೇರದೆಂದು ಇದರಿಂದ ಹೇಳಲಾಗದು. ಶಾಲೆಯ ಮೇಷ್ಟ್ರುಗಳು ಗಾಳಿಯಲ್ಲಿರುವ ನೀರಾವಿಯ ಪಾಠಕ್ಕೆ ಇದನ್ನು ಬಳಸಿಕೊಳ್ಳಬಹುದು. ಮಕ್ಕಳು ಬಹಳ ಕುತೂಹಲದಿಂದ ಅಪ್ಪಂದಿರ ಗಡಿಯಾರ ತರುತ್ತಾರೆ.

ತೇವ ಕಂಡರೆ ತಡಮಾಡಬಾರದು. ಯಂತ್ರದ ಎಳೆಯಷ್ಟು ಸಣ್ಣ ಉಕ್ಕಿನ ಸುರುಳಿಗೂ ಹಲ್ಲುಚಕ್ರದ ಮೊನೆಗಳಿಗೂ ತುಕ್ಕು ಹತ್ತಲು ವಾರ ಬೇಡ. ಉಪ್ಪುನೀರಾದರೆ ಇನ್ನೂ ಬೇಗ. ಬಿಸಿಲಿಗಿಟ್ಟರೆ, ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಮಂಜು ಮಾಯವಾಗುತ್ತದೆ, ಯಾಕೆಂದರೆ ನೀರು ಆವಿಯಾಗಿ ಒಳಗೇ ಹರಡಿಕೊಳ್ಳುತ್ತದೆ. ರಾತ್ರಿ ಪುನಃ ಹನಿಗಟ್ಟುತ್ತದೆ. ಅಕ್ಕಿಮುಡಿಯಲ್ಲಿ ಹೂತಿಡುವುದು ಈಗ ಎಲ್ಲ ಕಡೆ ಕೇಳಿಬರುವ ಮದ್ದು. ಮುಚ್ಚಳ ಮುಚ್ಚಿದ ಗಡಿಯಾರದಿಂದ ಅಕ್ಕಿ ನೀರನ್ನು ಹೇಗೆ ಹೀರೀತು? ಮುಚ್ಚಳ ತೆಗೆದಿಟ್ಟರೆ ತೌಡಿನ ಹುಡಿ ಒಳಸೇರೀತು. ಮಾಡಬೇಕಾದದ್ದು ಒಂದೇ, ಅದೇ ದಿನ ಅಥವಾ ಮರುದಿನ ರಿಪೇರಿಯವರಲ್ಲಿ ಬೆನ್ನು ಬಿಚ್ಚಿಸಿ ಒಣಗಿಸುವುದು. ಸೆಲ್ಲಿನದಾದರೆ ಸೆಲ್ಲು ತೆಗೆಸುವುದು.

ಹಿರಿಯರ ಕೀ ಕೊಡುವ ಗಡಿಯಾರಗಳ ಬಗ್ಗೆ ಎರಡು ಮಾತು. ಎಚ್.ಎಂ.ಟಿ.ಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆ ತೆರೆದರು. ಆ ಮೇಲೆ ಗಡಿಯಾಚೆಯ ನಮ್ಮ ಹಳ್ಳಿಗಳಲ್ಲೂ ‘ಜನತಾ’, ‘ಪೈಲಟ್’ ಎಂಬ ಹೆಸರುಗಳು ಮನೆಮಾತಾದುವು. ಆ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. 1984ರಲ್ಲಿ ಹುಟ್ಟಿದ ಟೈಟನ್ ಕಂಪೆನಿ ತನ್ನ ಕಾರ್ಖಾನೆಗೆ ಆರಿಸಿದ್ದು ಹೊಸೂರನ್ನು. ಅಲ್ಲಿನ ಕನ್ನಡಿಗರಿಗೆ ಸೆಲ್ಲಿನ ಗಡಿಯಾರ ನೆರೆಮನೆಯ ಸಾಮಾನು. ಹಳೆಯ ಕೀ ಗಡಿಯಾರಗಳಲ್ಲಿ ಅನೇಕಕ್ಕೆ ಬೆನ್ನು ಒತ್ತಿ ಮುಚ್ಚುವಂಥದು, ಕೀಗೆ ದಿನಕ್ಕೊಮ್ಮೆ ತಿರುವಿ ತಿರುವಿ ಸವೆದ ತೂತು. ಇವುಗಳಿಗೆ ನೀರು ತಾಗಿಸಲೇ ಕೂಡದು. ತಂದೆಯ ನೆನಪಿಗೆ ಕಟ್ಟಿಕೊಳ್ಳುವವರು ಮದುವೆ ಮುಂಜಿಗೆ, ಸಭೆಗೆ ಕಟ್ಟಿಕೊಳ್ಳಲಿ. ಗದ್ದೆಗೆ ಅಗ್ಗದ ಸೆಲ್ಲಿನದೊಂದು ಇರಲಿ. ಈಗಿನ ಹುಡುಗರ ಫೋನಿಗೆ ಜೋಡಿಸುವ ಗಡಿಯಾರಗಳಲ್ಲಿ ‘ಐಪಿ 68’ ಎಂದಿರುತ್ತದೆ. ಅದರ ಕೊನೆಯ 8 ಎಂದರೆ ತಯಾರಕ ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ಮುಳುಗಬಹುದೆಂದು ಮಾತ್ರ. ಆಳವೆಷ್ಟು, ಹೊತ್ತೆಷ್ಟು ಎಂಬುದನ್ನು ಅದರೊಡನೆ ಬಂದ ಕಾಗದದಲ್ಲಿ ಓದಬೇಕು.

ಇಷ್ಟು ಹೊತ್ತು ಗಡಿಯಾರದ ಮೈಯ ವಿಚಾರವಾಯಿತು. ಪಟ್ಟಿಯ ವಿಚಾರ ಇದಕ್ಕಿಂತ ಮುಖ್ಯವೆಂದು ನಮಗೆ ತೋರುತ್ತದೆ. ಯಾಕೆಂದರೆ ಗಡಿಯಾರ ಕೆಟ್ಟರೆ ಹಣ ಹೋಗುತ್ತದೆ, ಪಟ್ಟಿ ಕೆಟ್ಟರೆ ಅದು ತಾಗಿಕೊಂಡಿರುವುದು ನಮ್ಮ ಚರ್ಮಕ್ಕೆ.

ತೊಗಲಿನ ಪಟ್ಟಿ ನೋಡಲು ಚಂದ, ಬೇಸಗೆಯಲ್ಲಿ ಹಿತ. ಆದರೆ ತೊಗಲೆಂದರೆ ನೂಲಿನ ಉಂಡೆಯಂತೆ ಹೆಣೆದುಕೊಂಡ ಎಳೆಗಳು. ನೀರು ಎಳೆಗಳ ನಡುವೆ ಸೇರಿ ಉಬ್ಬಿಸುತ್ತದೆ. ಆರುವಾಗ ಹದಮಾಡಿದ ಎಣ್ಣೆಯ ಅಂಶ ಕಡಮೆಯಾಗಿ ತೊಗಲು ಬಿರುಸಾಗುತ್ತದೆ. ಎರಡು ಪದರದ ನಡುವಿನ ಅಂಟು ಬಿಡುತ್ತದೆ, ಹೊಲಿಗೆಯ ನೂಲು ಕೊಳೆಯುತ್ತದೆ. ಆಟಿಯ ಮಳೆಯಲ್ಲಿ ಗೋಡೆಗೆ ತೂಗಿಸಿದ ಚೀಲಕ್ಕೇ ಬೂಷ್ಟು ಹಿಡಿಯುವ ನಾಡು ನಮ್ಮದು. ಕೈಗೆ ಕಟ್ಟಿದ ತೊಗಲು ಆರುವುದೆಂದು? ಸಂಶಯವಿದ್ದವರು ಹಳೆಯ ತೊಗಲ ಪಟ್ಟಿಯ ಒಂದು ತುಂಡನ್ನೂ ನೈಲಾನು ಪಟ್ಟಿಯ ಒಂದು ತುಂಡನ್ನೂ ಸಂಜೆ ನೀರಿನಲ್ಲಿ ನೆನೆಸಿ, ಹಿಂಡಿ, ಚಾವಡಿಯ ಮೊಳೆಗೆ ತೂಗಿಸಿ ಬೆಳಗ್ಗೆ ಮುಟ್ಟಿ ನೋಡಲಿ. ತೊಗಲು ಒದ್ದೆಯಾದರೆ ಬಿಚ್ಚಿ, ಬಟ್ಟೆಯಿಂದ ಒತ್ತಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ, ಬೆಂಕಿಗೆ ಹಿಡಿದರೆ ಹಪ್ಪಳವಾಗುತ್ತದೆ.

ರಬ್ಬರು, ಸಿಲಿಕೋನು ಪಟ್ಟಿಗಳು ನೀರು ಕುಡಿಯುವುದಿಲ್ಲ. ಆದರೆ ಅಡಿಯ ಬೆವರನ್ನೂ ಹೊರಗೆ ಬಿಡುವುದಿಲ್ಲ. ದಿನಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಪ್ಲಾಸ್ಟಿಕಿನ ಹಾಗಿರುವ ಅಗ್ಗದ ಪಟ್ಟಿಗಳು ಕೆಲವು ವರ್ಷಗಳಲ್ಲಿ ತಾವಾಗಿ ಪುಡಿಪುಡಿಯಾಗುತ್ತವೆ. ಉಕ್ಕಿನ ಸರಪಳಿ ಪಟ್ಟಿ ಬಾಳಿಕೆಯದು. ಕೊಂಡಿಗಳ ನಡುವೆ ಕೆಸರು ಕೂರುವುದರಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಆದರೆ ಇನ್‌ವರ್ಟರಿನ ಅಥವಾ ಜೀಪಿನ ಬ್ಯಾಟರಿ ಮುಟ್ಟುವಾಗ, ಪಂಪಿನ ಸ್ಟಾರ್ಟರಿನ ಪೆಟ್ಟಿಗೆ ತೆರೆಯುವಾಗ ಲೋಹದ ಪಟ್ಟಿ ಕೈಯಲ್ಲಿರಬಾರದು. ಬ್ಯಾಟರಿಯ ಎರಡು ತುದಿಗೆ ಅದು ತಾಗಿತೆಂದರೆ ಕೆಂಪಗೆ ಕಾದು ಮಣಿಕಟ್ಟನ್ನು ಸುಡುತ್ತದೆ.

ನಮ್ಮ ಕೆಲಸಕ್ಕೆ ಸರಿಯಾದುದು ನೈಲಾನಿನ ನೇಯ್ದ ಪಟ್ಟಿ. ಅದರಲ್ಲೂ ಎರಡು ತುಂಡಿನದಲ್ಲ, ಉದ್ದದ ಒಂದೇ ಪಟ್ಟಿ. ಅದು ಎರಡು ಪಿನ್ನುಗಳ ಒಳಗಿಂದ ಹಾದು ಗಡಿಯಾರದ ಬೆನ್ನಿನ ಕೆಳಗೆ ಹೋಗುತ್ತದೆ. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗಾಗಿ ಗೊತ್ತುಮಾಡಿದ ಪಟ್ಟಿ ಈ ರೀತಿಯದು. ಇದರ ಜಾಣತನವಿರುವುದು ಪಿನ್ನಿನ ವಿಚಾರದಲ್ಲಿ. ಗಡಿಯಾರ ಬಾವಿಗೆ ಬಿತ್ತು, ತೋಡಿನಲ್ಲಿ ಹೋಯಿತು ಎನ್ನುವವರನ್ನು ಕೇಳಿದರೆ ‘ಪಟ್ಟಿ ಕಡಿಯಿತು’ ಎನ್ನುತ್ತಾರೆ. ಹಲವು ಸಲ ಕಡಿಯುವುದು ಪಟ್ಟಿಯಲ್ಲ, ಅದರೊಳಗೆ ಅಡಗಿರುವ ಸ್ಪ್ರಿಂಗಿನ ಪಿನ್ನು. ಒದ್ದೆ ಪಟ್ಟಿಯ ಹೊಟ್ಟೆಯಲ್ಲಿ ಅದು ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ಎರಡು ತುಂಡಿನ ಪಟ್ಟಿಯಲ್ಲಿ ಒಂದು ಪಿನ್ನು ಹೋದರೆ ಗಡಿಯಾರ ಹೋಯಿತು. ಒಂದೇ ಪಟ್ಟಿಯದಾದರೆ ಇನ್ನೊಂದು ಪಿನ್ನಿನಲ್ಲಿ ತೂಗಾಡಿಕೊಂಡಿರುತ್ತದೆ. ಮಳೆಗಾಲ ಹಿಡಿಯುವ ಮೊದಲು ಎರಡು ಪಿನ್ನುಗಳನ್ನೂ ತುಕ್ಕು ಹಿಡಿಯದ ಉಕ್ಕಿನವಕ್ಕೆ ಬದಲಿಸುವುದು ಅಲ್ಪ ಖರ್ಚಿನ ಕೆಲಸ.

ಪಟ್ಟಿಯ ಅಡಿಯ ಚರ್ಮವನ್ನೂ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಮಕ್ಕಳ ಮಣಿಕಟ್ಟು ನೋಡಿದರೆ ಪಟ್ಟಿಯಗಲಕ್ಕೆ ಬೆಳ್ಳಗೆ ನೆನೆದು ಸುಕ್ಕಾದ ಚರ್ಮ, ಕೆಲವರಿಗೆ ಕೆಂಪು ತುರಿ. ಬಹಳ ಸಲ ಇದು ಅಡಿಯಲ್ಲಿ ಉಳಿದ ಸಾಬೂನು ಮತ್ತು ತೇವದ ಕೆಲಸ. ಬಕ್ಕಲಿನ ಅಡಿಯಲ್ಲಿ ಮಾತ್ರ, ಅದರದೇ ಆಕಾರದಲ್ಲಿ ತುರಿ ಎದ್ದರೆ ಲೋಹದಲ್ಲಿರುವ ನಿಕಲ್ ಒಗ್ಗದೆ ಇರಬಹುದು; ಬೆವರು ನಿಕಲನ್ನು ಕರಗಿಸಿ ಚರ್ಮಕ್ಕೆ ಕೊಡುತ್ತದೆ. ಗಡಿಯಾರ ಬಿಚ್ಚಿಟ್ಟು, ಜಾಗವನ್ನು ತೊಳೆದು ಒಣಗಿಸಿ ಕೆಲವು ದಿನ ಹಾಗೆಯೇ ಬಿಟ್ಟರೆ ಹೆಚ್ಚಿನವು ಗುಣವಾಗುತ್ತವೆ. ಗುಣವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಯಾರೋ ಕೊಟ್ಟ ಮುಲಾಮು ಮೆತ್ತಿ ಪುನಃ ಪಟ್ಟಿ ಬಿಗಿಯಬಾರದು.

ಕೊನೆಗೆ, ನಮಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಕೊಡುವ ನೀರಿನ ವಿಚಾರ: ಮದ್ದಿನ ನೀರು.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡದ ಅಡಕೆ ತೋಟವಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಪಾಕ ಸರಿಯಾಯಿತೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುವ ಕ್ರಮ ಎಲ್ಲರಿಗೂ ಗೊತ್ತು. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು. ಅಲಗಿನ ಮೇಲೆ ತಾಮ್ರ ಕೂತಿತೆಂದರೆ ಅದಕ್ಕೆ ಬದಲಾಗಿ ಅಲಗಿನ ಕಬ್ಬಿಣ ನೀರಿಗೆ ಇಳಿಯಿತೆಂದೇ ರಸಾಯನಶಾಸ್ತ್ರದ ಅರ್ಥ. ತುತ್ತು ಕರಗಿಸಿದ ನೀರು ಮಣಿಕಟ್ಟಿಗೆ ಹಾರಿದಾಗ ಪಟ್ಟಿಯ ಸಾದಾ ಉಕ್ಕಿನ ಪಿನ್ನಿಗೂ ಬಕ್ಕಲಿಗೂ ಇದೇ ಆಗುತ್ತದೆ. ಸುಣ್ಣದ ತಿಳಿ ಪಟ್ಟಿಯ ಅಡಿ ಸೇರಿದರೆ ಸಂಜೆಯವರೆಗೆ ಚರ್ಮವನ್ನು ಸುಡುತ್ತಾ ಅಲ್ಲಿಯೇ ಇರುತ್ತದೆ. ರಬ್ಬರು ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲವೂ ಗೇರುಬೀಜದ ಸಿಪ್ಪೆಯ ಎಣ್ಣೆಯೂ ಈ ಜಾತಿಯವೇ.

ಬೋರ್ಡೋ ಆದರೂ ಕಣ್ಣಿಗೆ ಕಾಣುವ ನೀಲಿ ಬಣ್ಣದ್ದು. ಕೀಟನಾಶಕಗಳು ಹಾಗಲ್ಲ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮೊದಲಾದುವು ಬಾಯಿಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ಮೈ ಸೇರುತ್ತವೆ. ಒದ್ದೆಯಾದ, ಬೆಚ್ಚಗಿನ, ಮುಚ್ಚಿದ ಚರ್ಮದಲ್ಲಿ ಇನ್ನೂ ಸುಲಭವಾಗಿ ಸೇರುತ್ತವೆ; ಪಟ್ಟಿಯ ಅಡಿ ಇರುವುದು ಅಂಥದೇ ಚರ್ಮ. ಗ್ಲೌಸಿನ ತುದಿಯಿಂದ ಇಳಿದ ಹನಿ ನಿಲ್ಲುವುದೂ ಅಲ್ಲಿಯೇ. ಮದ್ದು ಕುಡಿದ ತೊಗಲನ್ನು ಎಷ್ಟು ತೊಳೆದರೂ ಶುದ್ಧಮಾಡಲಾಗುವುದಿಲ್ಲ; ಒಣಗಿದ ಮೇಲೂ ಮರುದಿನ ಬೆವರು ತಾಗಿದಾಗ ಅದು ಮದ್ದನ್ನು ಚರ್ಮಕ್ಕೆ ಬಿಟ್ಟುಕೊಡುತ್ತದೆ. ಮೈಗೆ ಸಾಬೂನು ಹಾಕಿ ಮಿಂದು, ಬಟ್ಟೆ ಬದಲಿಸಿ, ಅದೇ ಪಟ್ಟಿಯನ್ನು ಕಟ್ಟಿಕೊಂಡು ಊಟಕ್ಕೆ ಕೂತರೆ, ಆ ಕೈಯಿಂದ ಮಗುವನ್ನು ಎತ್ತಿಕೊಂಡರೆ ಮಿಂದದ್ದರಿಂದ ಏನಾಯಿತು? ಎಂಡೋಸಲ್ಫಾನಿನ ಕಥೆ ಕಾಸರಗೋಡಿನವರಿಗೆ ಪತ್ರಿಕೆ ಓದಿ ತಿಳಿಯಬೇಕಾದುದಲ್ಲ. ಸುಪ್ರೀಮ್ ಕೋರ್ಟು 2011ರಲ್ಲಿ ಅದನ್ನು ನಿಲ್ಲಿಸಿತು. ಉಳಿದ ಮದ್ದುಗಳ ವಿಚಾರದಲ್ಲಿ ಎಚ್ಚರವಾಗಿರಬೇಕಾದವರು ನಾವೇ.

ಆದುದರಿಂದ ಮದ್ದು ಬಿಡುವ ದಿನ, ಮದ್ದು ಕಲಸುವವರೂ ಬಿಡುವವರೂ ಓಸು ಎಳೆಯುವವರೂ ಗಡಿಯಾರ, ಉಂಗುರ, ಕೈಗೆ ಕಟ್ಟಿದ ದಾರಗಳನ್ನು ಮನೆಯಲ್ಲೇ ಬಿಚ್ಚಿಡಬೇಕು. ಹೊತ್ತು ತಿಳಿಯಲೇಬೇಕಾದರೆ ಗಡಿಯಾರವನ್ನು ಪ್ಲಾಸ್ಟಿಕಿನ ಸಣ್ಣ ತೊಟ್ಟೆಯಲ್ಲಿ ಕಟ್ಟಿ, ಗಾಳಿಯ ಮೇಲ್ಬದಿಯ ಅಂಚಿನಲ್ಲಿ ತೂಗಿಸಬಹುದು. ಊಟದ ಬುತ್ತಿಯ ಚೀಲಕ್ಕೆ ಹಾಕಬೇಡಿ. ಮರೆತು ಕಟ್ಟಿಕೊಂಡಿದ್ದವರು ಗಡಿಯಾರ ಬಿಚ್ಚಿ ಮಣಿಕಟ್ಟನ್ನು ಸಾಬೂನಿನಿಂದ ತೊಳೆದುಕೊಳ್ಳಲಿ. ಗಡಿಯಾರದ ಮೈಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಳಿಕ ಬರಿಯ ನೀರಿನ ಬಟ್ಟೆಯಿಂದ ಒರೆಸಲಿ. ನೈಲಾನು, ರಬ್ಬರು ಪಟ್ಟಿಯನ್ನು ಬೇರೆ ಬಟ್ಟೆಗಳೊಡನೆ ಕೂಡಿಸದೆ ಎರಡು ಮೂರು ಸಲ ಸಾಬೂನು ಹಾಕಿ ಒಗೆಯಬೇಕು. ತೊಗಲಿನದಾಗಿದ್ದರೆ ಎಸೆಯಲೇಬೇಕು, ಹೊಸ ಪಟ್ಟಿಯ ಬೆಲೆ ಆಳಿನ ಒಂದು ದಿನದ ಮಜೂರಿಗಿಂತ ಕಡಮೆ. ಎಸೆಯುವ ಮೊದಲು ಕತ್ತರಿಸಿ ಎರಡು ತುಂಡು ಮಾಡಿ. ಹಳೆಯ ಪಟ್ಟಿಗೆ ರಟ್ಟಿನ ಗಡಿಯಾರ ಅಂಟಿಸಿಕೊಂಡು ಒಂದನೆಯ ಕ್ಲಾಸಿನ ಮಕ್ಕಳು ಶಾಲೆಗೆ ಬರುವುದನ್ನು ನಾವು ಕಂಡಿದ್ದೇವೆ.